ಗೇಟು ದಾಟಿ ಹೋದದ್ದರ ಲೆಕ್ಕ

ಶೇಷಾದ್ರಿಪುರಂ, ಬೆಂಗಳೂರು

ಶೇಷಾದ್ರಿಪುರಂನ ಕಾಲೇಜುಗಳಲ್ಲಿ ಬಿ.ಕಾಂ. ಓದುತ್ತಿರುವ ವಿದ್ಯಾರ್ಥಿ ವಿದ್ಯಾರ್ಥಿನಿಯರಿಗೆ,



ಕಾಸ್ಟ್ ಅಕೌಂಟಿಂಗ್ ಪುಸ್ತಕದಲ್ಲಿ ಪ್ರೋಸೆಸ್ ಕಾಸ್ಟಿಂಗ್ ಆದಮೇಲೆ ಜಾಯಿಂಟ್ ಪ್ರಾಡಕ್ಟ್, ಬೈ-ಪ್ರಾಡಕ್ಟ್ ಎಂಬ ಅಧ್ಯಾಯ ಬರುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಹೆಚ್ಚಿನವರು ಅದರಲ್ಲಿ ಎರಡು ಮಾದರಿ ಲೆಕ್ಕ ಬಿಡಿಸಿ ಮುಂದಿನ ಅಧ್ಯಾಯಕ್ಕೆ ಹಾರುತ್ತಾರೆ. ಕಾರ್ಖಾನೆಯೊಂದರ ಕಾಸ್ಟಿಂಗ್ ವಿಭಾಗದಲ್ಲಿ ದುಡಿದು ನಿವೃತ್ತಿಯಾಗಿ, ನಿಮ್ಮ ಕಾಲೇಜುಗಳ ಸುತ್ತಲೇ ದಿನವೂ ಓಡಾಡುವ ನನಗೆ ಆ ಅಧ್ಯಾಯದ ಬಗ್ಗೆ ನಿಮ್ಮ ಹತ್ತಿರ ಮಾತಾಡಬೇಕೆಂದು ಬಹಳ ದಿನದಿಂದ ಆಸೆ. ವಾಣಿಜ್ಯ ವಿಭಾಗದವರು ಓದುವ ಪುಟಗಳಲ್ಲಿ ಊರಿನ ಗಾಳಿ, ನೀರು, ಮಣ್ಣಿಗೆ ನೇರವಾಗಿ ಸಂಬಂಧಪಟ್ಟ ಪುಟಗಳೆಂದರೆ ಅವೇ ಎಂದು ನಾನು ನಂಬಿದ್ದೇನೆ.

ಪ್ರೋಸೆಸ್ ಅಕೌಂಟನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಎಡಗಡೆ ಒಳಗೆ ಬಂದ ಕಚ್ಚಾಮಾಲು, ಕೂಲಿ, ಇತರೆ ಖರ್ಚು. ಬಲಗಡೆ ಹೊರಗೆ ಹೋದ ಸರಕು. ಆ ಬಲಗಡೆಯಲ್ಲೇ ನಾರ್ಮಲ್ ಲಾಸ್ ಎಂಬ ಒಂದು ಸಾಲು. ಯೂನಿಟ್ ಕಾಲಂನಲ್ಲಿ ನೂರೋ ಇನ್ನೂರೋ ಇರುತ್ತದೆ, ಮೊತ್ತದ ಕಾಲಂನಲ್ಲಿ ಒಂದು ಅಡ್ಡಗೆರೆ. ಮಾರಿದರೆ ನಾಲ್ಕು ಕಾಸು ಬರುವಂಥದ್ದಾದರೆ ಅದನ್ನು ಬೈ-ಪ್ರಾಡಕ್ಟ್ ಎಂದೋ ಸ್ಕ್ರ್ಯಾಪ್ ಎಂದೋ ಕರೆದು, ಬಂದ ಹಣವನ್ನು ಮುಖ್ಯ ಸರಕಿನ ವೆಚ್ಚದಲ್ಲಿ ಕಳೆಯುತ್ತೀರಿ. ಏನೂ ಬಾರದಿದ್ದರೆ ಗೆರೆ ಎಳೆದು ಮುಂದಕ್ಕೆ ಹೋಗುತ್ತೀರಿ. ನಿಮ್ಮ ಮೇಷ್ಟ್ರು ಹೇಳಿಕೊಡುವ ಈ ಪದ್ಧತಿಯಲ್ಲಿ ತಪ್ಪೇನಿಲ್ಲ. ಸರಕಿನ ವೆಚ್ಚ ಕಂಡುಹಿಡಿಯಲು ಅಷ್ಟು ಸಾಕು. ಆದರೆ ಆ ನೂರು ಯೂನಿಟ್ಟು ಎಲ್ಲಿಗೆ ಹೋಯಿತು ಎನ್ನುವುದನ್ನು ಖಾತೆ ಹೇಳುವುದಿಲ್ಲ. ಆವಿಯಾಯಿತೇ, ಚರಂಡಿಗೆ ಇಳಿಯಿತೇ, ಲಾರಿ ಹತ್ತಿ ಯಾವುದೋ ಹಳ್ಳಿಯ ಹೊಲದ ಬದಿಗೆ ಬಿತ್ತೇ?

ನನ್ನ ಕೋರಿಕೆ ಇಷ್ಟೇ. ಆ ಅಡ್ಡಗೆರೆಯ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿಕೊಳ್ಳಿ: ತೂಕ ಎಷ್ಟು, ಹೋದದ್ದು ಎಲ್ಲಿಗೆ, ಪಡೆದವರು ಯಾರು. ಬೆಲೆ ಸೊನ್ನೆಯಿದ್ದರೂ ಬರೆಯಿರಿ. ಬೆಲೆ ಸೊನ್ನೆಯಿದ್ದಾಗಲಂತೂ ಬಿಡದೆ ಬರೆಯಿರಿ.

ಒಂದು ವಸ್ತು ಮುಖ್ಯ ಸರಕೋ, ಬೈ-ಪ್ರಾಡಕ್ಟೋ, ಕಸವೋ ಎಂಬುದನ್ನು ಆ ವಸ್ತು ತೀರ್ಮಾನಿಸುವುದಿಲ್ಲ. ಆ ದಿನದ ಮಾರುಕಟ್ಟೆ ತೀರ್ಮಾನಿಸುತ್ತದೆ. ಇದನ್ನು ನೋಡಲು ನೀವು ದೂರ ಹೋಗಬೇಕಾಗಿಲ್ಲ. ಸಂಪಿಗೆ ರಸ್ತೆಯ ನಿಲ್ದಾಣದಲ್ಲಿ ಯಶವಂತಪುರದ ಕಡೆಗೆ ಹೋಗುವ ಮೆಟ್ರೋ ಹತ್ತಿದರೆ ದಾರಿಯಲ್ಲಿ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಎಂಬ ನಿಲ್ದಾಣ ಬರುತ್ತದೆ. ಆ ಹೆಸರಿನ ಹಿಂದೆ ಇರುವುದು ಮಾರಾಟವಾಗದೆ ಉಳಿದ ಮರದ ಕಥೆ.

ಮೊದಲನೇ ಮಹಾಯುದ್ಧಕ್ಕೆ ಮುಂಚೆ ಮೈಸೂರು ಸಂಸ್ಥಾನದ ಶ್ರೀಗಂಧ ಹರಾಜಾಗಿ ಹಡಗು ಹತ್ತುತ್ತಿತ್ತು. ಅದರಿಂದ ಎಣ್ಣೆ ತೆಗೆಯುತ್ತಿದ್ದುದು ಹೊರದೇಶದಲ್ಲಿ, ಮುಖ್ಯವಾಗಿ ಜರ್ಮನಿಯಲ್ಲಿ. 1914ರಲ್ಲಿ ಯುದ್ಧ ಶುರುವಾದದ್ದೇ ತಡ, ಆ ದಾರಿ ಮುಚ್ಚಿತು. ಮರ ಇಲ್ಲೇ ಉಳಿಯಿತು. ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು, ಕೈಗಾರಿಕಾ ಇಲಾಖೆಯ ಆಲ್‌ಫ್ರೆಡ್ ಚಾಟರ್ಟನ್, ಆಗ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಸೇರಿ ಇಲ್ಲೇ ಎಣ್ಣೆ ಇಳಿಸುವ ದಾರಿ ಹುಡುಕಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಆ ಎಣ್ಣೆಗೆ ಇನ್ನೊಂದು ಬಳಕೆಯಾಗಿ 1918ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಬಂತು. ಅದಕ್ಕಾಗಿ ಎಸ್.ಜಿ. ಶಾಸ್ತ್ರಿಯವರು ಲಂಡನ್ನಿನಲ್ಲಿ ತರಬೇತಿ ಪಡೆದು ಬಂದರು. ಕಬ್ಬನ್ ಪಾರ್ಕಿನ ಬಳಿ ಇದ್ದ ಕಾರ್ಖಾನೆ 1957ರಲ್ಲಿ ಯಶವಂತಪುರದ ಕಡೆಗೆ ಬಂತು.

ಎಣ್ಣೆ ತೆಗೆಯುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಿ, ಏಕೆಂದರೆ ನಿಮ್ಮ ಪುಸ್ತಕದ ಲೆಕ್ಕವೇ ಅಲ್ಲಿ ನಡೆಯುತ್ತದೆ. ಗಂಧದ ಚೇಗನ್ನು ಪುಡಿ ಮಾಡಿ ದೊಡ್ಡ ಪಾತ್ರೆಗೆ ತುಂಬಿ ಕೆಳಗಿನಿಂದ ಹಬೆ ಬಿಡುತ್ತಾರೆ. ಹಬೆ ಪುಡಿಯೊಳಗಿನ ಎಣ್ಣೆಯನ್ನು ಹೊತ್ತುಕೊಂಡು ಮೇಲೇರಿ, ತಣ್ಣಗಾಗಿ ನೀರಾಗಿ ಇಳಿಯುತ್ತದೆ. ಎಣ್ಣೆ ಆ ನೀರಿನ ಮೇಲೆ ತೇಲುತ್ತದೆ. ದಿನಗಟ್ಟಲೆ ಹಬೆ ಕೊಟ್ಟರೂ ನೂರು ಕಿಲೋ ಪುಡಿಗೆ ಸಿಗುವುದು ನಾಲ್ಕರಿಂದ ಆರು ಕಿಲೋ ಎಣ್ಣೆ. ಪಾತ್ರೆಯಲ್ಲಿ ಉಳಿಯುವುದು ಹಬೆಯಲ್ಲಿ ಬೆಂದ ಕಂದು ಪುಡಿ. ತೂಕದಲ್ಲಿ ನೋಡಿದರೆ ಅದೇ ಕಾರ್ಖಾನೆಯ ದೊಡ್ಡ ಉತ್ಪನ್ನ! ಎಣ್ಣೆಯವರಿಗೆ ಅದರಲ್ಲಿ ಇನ್ನೇನೂ ಇಲ್ಲ. ಆದರೆ ಒಂದು ಹಿಡಿ ತೆಗೆದುಕೊಂಡು ಮೂಸಿದರೆ ಗಂಧದ ವಾಸನೆ ಪೂರ್ತಿ ಹೋಗಿರುವುದಿಲ್ಲ. ಈ ಪುಡಿಯನ್ನು ಊದುಬತ್ತಿಯವರು ಕೊಳ್ಳುತ್ತಾರೆ. ಜಿಗಟಿನ ಜೊತೆ ಕಲಸಿ ಬಿದಿರು ಕಡ್ಡಿಗೆ ಹೊಸೆದರೆ ಬತ್ತಿ. ಮೈಸೂರು, ಬೆಂಗಳೂರುಗಳಲ್ಲಿ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಬತ್ತಿ ಹೊಸೆದು ಸಂಸಾರ ನಡೆಸಿದ್ದಾರೆ. ಒಂದು ಕಾರ್ಖಾನೆಯ ಬಲಗಡೆ ಕಾಲಂ ಇನ್ನೊಂದು ಮನೆಯ ಎಡಗಡೆ ಕಾಲಂ ಆಗುವುದು ಹೀಗೆ.

ಸಾಬೂನಿನಲ್ಲೂ ಅದೇ ಆಟ ಮುಂದುವರಿಯುತ್ತದೆ. ಕೊಬ್ಬಿಗೆ ಕಾಸ್ಟಿಕ್ ಸೋಡ ಸೇರಿಸಿ ಕುದಿಸಿದರೆ ಸಾಬೂನು ಬರುತ್ತದೆ, ಜೊತೆಗೆ ಗ್ಲಿಸರಿನ್ ಬಿಡುಗಡೆಯಾಗುತ್ತದೆ. ನೂರು ಕಿಲೋ ಕೊಬ್ಬಿಗೆ ಸುಮಾರು ಹತ್ತು ಕಿಲೋ. ಯೂರೋಪಿನ ಸಾಬೂನು ಮಾಡುವವರು ಬಹುಕಾಲ ಅದನ್ನು ಉಪ್ಪುನೀರಿನ ಜೊತೆ ಮೋರಿಗೆ ಬಿಡುತ್ತಿದ್ದರು. 1867ರಲ್ಲಿ ಆಲ್‌ಫ್ರೆಡ್ ನೊಬೆಲ್ ಡೈನಮೈಟಿಗೆ ಪೇಟೆಂಟ್ ಪಡೆದಮೇಲೆ ಗ್ಲಿಸರಿನ್ನಿಗೆ ಬೇಡಿಕೆ ಬಂತು. ಮಹಾಯುದ್ಧದ ಕಾಲಕ್ಕೆ ಸಾಬೂನು ಕಾರ್ಖಾನೆಗಳು ಮದ್ದುಗುಂಡಿನ ಕಾರ್ಖಾನೆಗಳಿಗೆ ಕಚ್ಚಾಮಾಲು ಒದಗಿಸುತ್ತಿದ್ದವು. ಆಮೇಲೆ ಔಷಧ, ಕೆಮ್ಮಿನ ಸಿರಪ್, ಸೌಂದರ್ಯವರ್ಧಕ. ಈ ಶತಮಾನದ ಮೊದಲ ವರ್ಷಗಳಲ್ಲಿ ಬಯೋಡೀಸೆಲ್ ತಯಾರಿ ಜಗತ್ತಿನಲ್ಲಿ ಹೆಚ್ಚಿತು. ಅಲ್ಲೂ ಎಣ್ಣೆಯ ಹತ್ತರಲ್ಲೊಂದು ಪಾಲು ಗ್ಲಿಸರಿನ್ ಆಗಿ ಬರುತ್ತದೆ. ಮಾರುಕಟ್ಟೆಯಲ್ಲಿ ಅದು ತುಂಬಿ ತುಳುಕಿತು, ಕಚ್ಚಾ ಗ್ಲಿಸರಿನ್ ಬೆಲೆ ನೆಲಕಚ್ಚಿತು. ಅಣು ಬದಲಾಗಲಿಲ್ಲ, ಖಾತೆಯಲ್ಲಿ ಅದರ ಜಾಗ ಮಾತ್ರ ಮೂರು ಸಲ ಬದಲಾಯಿತು.

ಮೈಸೂರು ಸಂಸ್ಥಾನದ ಇನ್ನೊಂದು ಕಾರ್ಖಾನೆಯ ವಿಷಯ ಇದಕ್ಕಿಂತ ಗಂಭೀರ. ಭದ್ರಾವತಿಯಲ್ಲಿ ಕಬ್ಬಿಣ ಕರಗತೊಡಗಿದ್ದು 1923ರ ಜನವರಿಯಲ್ಲಿ. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಹತ್ತಿರದಲ್ಲಿ ಕಲ್ಲಿದ್ದಲು ಇರಲಿಲ್ಲ, ಮಲೆನಾಡಿನ ಕಾಡು ಇತ್ತು. ಹಾಗಾಗಿ ಮರದ ಇದ್ದಿಲಿನಲ್ಲಿ ಅದಿರು ಕರಗಿಸುವುದೆಂದು ತೀರ್ಮಾನವಾಯಿತು. ಮರ ಸುಟ್ಟು ಇದ್ದಿಲು ಮಾಡುವಾಗ ಏಳುವ ಹೊಗೆಯನ್ನು ಗಾಳಿಗೆ ಬಿಡದೆ ಹಿಡಿದು, ತಣಿಸಿ, ಅದರಿಂದ ಅಸಿಟೇಟ್ ಆಫ್ ಲೈಮ್, ಮರದ ಆಲ್ಕೋಹಾಲ್ ಎಂದು ಕರೆಯುವ ಮೆಥನಾಲ್, ಟಾರು ಬೇರ್ಪಡಿಸುವ ಘಟಕವನ್ನೂ ಕಟ್ಟಿದರು. ಅಂಥ ದೊಡ್ಡ ಘಟಕ ಆ ಕಾಲದ ಹಿಂದೂಸ್ಥಾನಕ್ಕೆ ಹೊಸದು. ಇವುಗಳ ಮಾರಾಟದಿಂದ ಬರುವ ಹಣ ಕಬ್ಬಿಣದ ವೆಚ್ಚವನ್ನು ಇಳಿಸಬೇಕೆಂಬುದು ಯೋಜನೆ, ನಿಮ್ಮ ಪುಸ್ತಕದಲ್ಲಿ ಇರುವ ಹಾಗೆಯೇ. ಅದೇ 1923ರಲ್ಲಿ ಜರ್ಮನಿಯ ಬಿಎಎಸ್ಎಫ್ ಕಂಪನಿ ಮರವೇ ಇಲ್ಲದೆ ಅನಿಲಗಳಿಂದ ಮೆಥನಾಲ್ ತಯಾರಿಸಲು ಶುರುಮಾಡಿತು. ಕೆಲವೇ ವರ್ಷಗಳಲ್ಲಿ ಮರದ ಆಲ್ಕೋಹಾಲಿನ ಬೆಲೆ ಲೋಕದ ಮಾರುಕಟ್ಟೆಯಲ್ಲಿ ಬಿದ್ದುಹೋಯಿತು. ಬೈ-ಪ್ರಾಡಕ್ಟಿನ ಆದಾಯವನ್ನು ನಂಬಿ ಮುಖ್ಯ ಸರಕಿನ ವೆಚ್ಚ ಲೆಕ್ಕ ಹಾಕುವವರು 1923ನೇ ವರ್ಷವನ್ನು ನೆನಪಿಟ್ಟುಕೊಳ್ಳಬೇಕು. ಎಡಗಡೆ ಕಾಲಂ ಕೂಡ ಒಮ್ಮೆ ನೋಡಿ: ಪುಸ್ತಕದ ಪದ್ಧತಿಯಲ್ಲಿ ಮರದ ಬೆಲೆ ಎಂದರೆ ಕಡಿಯುವ ಕೂಲಿ, ಸಾಗಿಸುವ ಬಾಡಿಗೆ, ಅರಣ್ಯ ಇಲಾಖೆಗೆ ಕಟ್ಟುವ ಹಣ. ಕಡಿದ ಕಾಡು ಮತ್ತೆ ಕಾಡಾಗಲು ಬೇಕಾದ ವರ್ಷಗಳಿಗೆ ಅಲ್ಲಿ ಜಾಗವಿಲ್ಲ.

ಇಲ್ಲಿ ಅದಿರಿನ ಬಗ್ಗೆ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಬಾಬಾಬುಡನ್ ಗಿರಿಯಲ್ಲಿ, ಕುದುರೆಮುಖದಲ್ಲಿ, ಸಂಡೂರಿನಲ್ಲಿ ಪದರ ಪದರವಾಗಿ ಕಾಣುವ ಕಬ್ಬಿಣದ ಅದಿರು ಇನ್ನೂರು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕೂತದ್ದು. ನೀರಿನಲ್ಲಿ ಕರಗಿದ್ದ ಕಬ್ಬಿಣ ತುಕ್ಕಾಗಿ ತಳ ಸೇರಲು ಸೂಕ್ಷ್ಮಜೀವಿಗಳ ಚಟುವಟಿಕೆಯೂ ಕಾರಣ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಬಿಸಿಲಿನಿಂದ ಆಹಾರ ಮಾಡಿಕೊಳ್ಳುತ್ತಿದ್ದ ಜೀವಿಗಳಿಗೆ ಆಮ್ಲಜನಕ ಬೇಡದ ಪದಾರ್ಥ, ಹೊರಗೆ ಬಿಟ್ಟದ್ದು. ಅದು ಹೆಚ್ಚುತ್ತಾ ಹೋಗಿ, ಗಾಳಿಯಲ್ಲಿ ತುಂಬಿ, ಆ ಕಾಲದ ಎಷ್ಟೋ ಜೀವಿಗಳಿಗೆ ವಿಷವಾಯಿತು. ನಾವು ಉಸಿರಾಡುತ್ತಿರುವುದು ಅದನ್ನೇ. ಪ್ರಕೃತಿ ಹೊರಹಾಕಿದ್ದು ಹೊಸ ಬಳಕೆದಾರನನ್ನು ಕಾಯಲು ಕೋಟಿಗಟ್ಟಲೆ ವರ್ಷ ತೆಗೆದುಕೊಂಡಿದೆ. ಕಾರ್ಖಾನೆಯ ಪಕ್ಕದಲ್ಲಿ ಮನೆ ಮಾಡಿಕೊಂಡಿರುವವರಿಗೆ ಅಷ್ಟು ಸಮಯವಿಲ್ಲ. "ಪ್ರಕೃತಿಯೇ ಎಲ್ಲವನ್ನೂ ಸರಿಮಾಡಿಕೊಳ್ಳುತ್ತದೆ" ಎಂದು ಯಾರಾದರೂ ಸಮಾಧಾನ ಹೇಳಿದರೆ ಈ ವ್ಯತ್ಯಾಸವನ್ನು ನೆನಪು ಮಾಡಿಕೊಡಿ.

ಈಗ ನಮ್ಮ ಬಡಾವಣೆಗೆ ಬರುತ್ತೇನೆ. 1892ರಲ್ಲಿ ರೂಪುಗೊಂಡ ಈ ಬಡಾವಣೆಗೆ ಹೆಸರು ಕೊಟ್ಟ ಕೆ. ಶೇಷಾದ್ರಿ ಅಯ್ಯರ್ ಅವರು 1883ರಿಂದ 1901ರವರೆಗೆ ದಿವಾನರಾಗಿದ್ದರು. ಅವರ ಕಾಲದಲ್ಲಿ ಕೈಗೆತ್ತಿಕೊಂಡ ಶಿವನಸಮುದ್ರದ ಜಲವಿದ್ಯುತ್ ಯೋಜನೆಯಿಂದ 1902ರಲ್ಲಿ ಕರೆಂಟು ಹರಿದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂದದ್ದು ಅದಾದಮೇಲೆ, 1905ರಲ್ಲಿ. ಗಣಿಗೆಂದು ಎಳೆದ ವಿದ್ಯುತ್ತಿನಲ್ಲಿ ನಮ್ಮ ಊರಿಗೂ ಒಂದು ಪಾಲು ಸಿಕ್ಕಿತು. ಚಿನ್ನದ ಗಣಿಯಿಂದ ಬೆಂಗಳೂರಿಗೆ ಬಂದ ಲಾಭ ಅದು. ಗಣಿಯ ಊರಾದ ಕೆಜಿಎಫ್‌ಗೆ ಉಳಿದದ್ದು ಬೇರೆ.

ಕೆಜಿಎಫ್‌ನಲ್ಲಿ ಬಂಡೆಯನ್ನು ಆಳದಿಂದ ಎತ್ತಿ, ಹಿಟ್ಟಿನಷ್ಟು ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆಯುತ್ತಿದ್ದರು. ಶುರುವಿನಲ್ಲಿ ಟನ್ನಿಗೆ ನಲವತ್ತು ಗ್ರಾಂ ದಾಟಿ ಚಿನ್ನ ಸಿಕ್ಕ ಕಾಲವಿತ್ತು. ಕೊನೆಗೆ ಮೂರು ಗ್ರಾಂ ಆಸುಪಾಸಿಗೆ ಇಳಿಯಿತು. ಮೂರು ಗ್ರಾಂ ತೆಗೆದುಕೊಂಡು ಒಂದು ಟನ್ ಪುಡಿಯನ್ನು ಹೊರಗೆ ಸುರಿಯುವುದು ಎಂದರೆ ಪ್ರೋಸೆಸ್ ಅಕೌಂಟಿನ ಭಾಷೆಯಲ್ಲಿ ಏನೆಂದು ನಿಮಗೆ ಗೊತ್ತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಶತಮಾನಕ್ಕೂ ಹೆಚ್ಚು ಕಾಲದಲ್ಲಿ ಹೊರಬಂದ ಚಿನ್ನ ಸುಮಾರು 800 ಟನ್. ಹೊರಗೆ ಬಿದ್ದಿರುವ ಪುಡಿ ಮೂರು ಕೋಟಿ ಟನ್ನಿಗೂ ಹೆಚ್ಚು. ಜನ ಅವನ್ನು ಸೈನೈಡ್ ದಿಬ್ಬಗಳು ಎನ್ನುತ್ತಾರೆ, ಸಿನಿಮಾದವರು ಅಲ್ಲಿ ಚಿತ್ರೀಕರಣ ಮಾಡುತ್ತಾರೆ. ಬೇಸಿಗೆಯ ಗಾಳಿ ಬೀಸಿದಾಗ ಆ ಬೂದುಬಣ್ಣದ ಧೂಳು ಕಾರ್ಮಿಕರ ಸಾಲುಮನೆಗಳ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಮುಚ್ಚದ ನೀರಿನ ಬಿಂದಿಗೆಯ ಮೇಲೆ ಬಂದು ಕೂರುತ್ತದೆ. ಕಂಪನಿಯ ಖಾತೆ ಮುಚ್ಚಿದರೂ ಮೊತ್ತದ ಕಾಲಂನ ಆ ಅಡ್ಡಗೆರೆ ಅಲ್ಲಿನ ಜನರ ಮನೆಯ ಖರ್ಚಿನಲ್ಲಿ ಇಂದಿಗೂ ಮುಂದುವರಿದಿದೆ. ಚಿನ್ನದ ಬೆಲೆ ಏರಿದಮೇಲೆ ಟನ್ನಿಗೆ ಒಂದು ಗ್ರಾಂ ಇಲ್ಲದ ಆ ಪುಡಿಯಲ್ಲೂ ಆಸೆ ಹುಟ್ಟಿದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ 13 ದಿಬ್ಬಗಳ ಗಣಿಗಾರಿಕೆಗೆ ಒಪ್ಪಿಗೆ ಕೊಟ್ಟಿತು. ಮತ್ತೆ ಅರೆದು, ಮತ್ತೆ ಕರಗಿಸಿ, ಮಿಲಿಗ್ರಾಂ ಲೆಕ್ಕದಲ್ಲಿ ಚಿನ್ನ ತೆಗೆದಮೇಲೂ ಆ ಮೂರು ಕೋಟಿ ಟನ್ ಹೆಚ್ಚೂಕಡಿಮೆ ಹಾಗೆಯೇ ಉಳಿದಿರುತ್ತದೆ. ಅದನ್ನು ಎಲ್ಲಿಡುತ್ತಾರೆ, ಯಾರು ಕಾಯುತ್ತಾರೆ ಎಂಬ ಪ್ರಶ್ನೆಯನ್ನು ಕೇಳಬೇಕಾದವರು ಇಂಜಿನಿಯರುಗಳಷ್ಟೇ ಅಲ್ಲ, ಲೆಕ್ಕ ಬರೆಯುವವರೂ ಹೌದು.

ಉಳಿದ ಉದಾಹರಣೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮಂಡ್ಯದ ಕಡೆ ನೂರು ಕಿಲೋ ಕಬ್ಬು ಅರೆದರೆ ಸಕ್ಕರೆ ಹತ್ತು ಕಿಲೋ ಆಸುಪಾಸು, ಹಸಿ ಸಿಪ್ಪೆ ಮೂವತ್ತು ಕಿಲೋ, ಕಾಕಂಬಿ ನಾಲ್ಕು, ರಸ ಸೋಸಿದಾಗ ಉಳಿಯುವ ಪ್ರೆಸ್‌ಮಡ್ ಮೂರು. ಸಿಪ್ಪೆ ಬಾಯ್ಲರಿಗೆ ಹೋಗಿ ವಿದ್ಯುತ್ತಾಗುತ್ತದೆ, ಪ್ರೆಸ್‌ಮಡ್ ಗೊಬ್ಬರವಾಗುತ್ತದೆ. ಕಾಕಂಬಿಯಿಂದ ಬರುವ ಒಂದು ಲೀಟರ್ ಆಲ್ಕೋಹಾಲಿನ ಹಿಂದೆ ಹತ್ತು ಲೀಟರಿನ ಆಸುಪಾಸು ಸ್ಪೆಂಟ್‌ವಾಶ್ ಎಂಬ ಕಪ್ಪು ಕೊಳೆನೀರು ನಿಲ್ಲುತ್ತದೆ. ಹಳ್ಳಕ್ಕೆ ಬಿಟ್ಟರೆ ಮೀನು ಸಾಯುತ್ತವೆ. ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ 1985ರದ್ದು, ಅಲ್ಲಿ ಉರಿಯುವುದು ಕಲ್ಲಿದ್ದಲು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲಿಗೂ ಮಿಕ್ಕಿ ಬೂದಿ ಬರುವುದುಂಟು. 1999ರಲ್ಲಿ ಕೇಂದ್ರ ಸರ್ಕಾರ ಹಾರುಬೂದಿಯನ್ನು ಇಟ್ಟಿಗೆ, ಸಿಮೆಂಟಿಗೆ ಬಳಸಬೇಕೆಂದು ಅಧಿಸೂಚನೆ ಹೊರಡಿಸಿತು. ಈಗ ಪೋಜೊಲಾನಾ ಸಿಮೆಂಟಿನಲ್ಲಿ ಶೇಕಡಾ 35ರವರೆಗೂ ಆ ಬೂದಿ ಇರಬಹುದು. ಬೂದಿಗೆ ಗಿರಾಕಿ ತಾನಾಗಿ ಬರಲಿಲ್ಲ, ಕಾನೂನು ತಂದುಕೊಟ್ಟಿತು.

ಬೆಲೆ ಬಂದರೆ ಎಲ್ಲ ಸರಿಹೋಯಿತು ಎಂದು ತಿಳಿಯಬೇಡಿ. ಬೆಲೆ ಇರುವುದರಿಂದಲೇ ಕೆಡುಕು ಆಗುವ ಒಂದು ಉದಾಹರಣೆ ನಮ್ಮ ಫುಟ್‌ಪಾತಿನಲ್ಲೇ ಇದೆ: ಕರಿದ ಎಣ್ಣೆ. ಹೋಟೆಲಿನ ಬಾಣಲೆಯಲ್ಲಿ ವಡೆ, ಪೂರಿ, ಬೋಂಡ ಕರಿದು ಕರಿದು ಎಣ್ಣೆ ಕಪ್ಪಾಗುತ್ತದೆ, ಅಂಟಾಗುತ್ತದೆ, ಬಿಸಿ ಮಾಡಿದರೆ ನೊರೆ ಕಟ್ಟುತ್ತದೆ. ಅದನ್ನು ಡಬ್ಬಕ್ಕೆ ತುಂಬಿ ಕಡಿಮೆ ಬೆಲೆಗೆ ಮಾರಿದರೆ ಹೋಟೆಲಿನ ಪುಸ್ತಕದಲ್ಲಿ ಬೈ-ಪ್ರಾಡಕ್ಟಿನ ಆದಾಯ. ಅದೇ ಎಣ್ಣೆ ಇನ್ನೊಂದು ತಳ್ಳುಗಾಡಿಯ ಬಾಣಲೆ ಸೇರಿದರೆ, ಸಂಜೆ ಕಾಲೇಜು ಬಿಟ್ಟು ಹಸಿದು ಬರುವ ನಿಮ್ಮ ಹೊಟ್ಟೆಗೇ ಹೋಗುತ್ತದೆ. 2018ರ ಜುಲೈಯಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ: ಎಣ್ಣೆಯಲ್ಲಿ ಕರಿದಷ್ಟೂ ಹೆಚ್ಚುವ ಟೋಟಲ್ ಪೋಲಾರ್ ಕಾಂಪೌಂಡ್ ಶೇಕಡಾ 25 ಮೀರಿದರೆ ಅದನ್ನು ಮತ್ತೆ ಅಡುಗೆಗೆ ಬಳಸಬಾರದು. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ರಿಜಿಸ್ಟರ್ ಇಡಬೇಕು, ಬಳಸಿದ ಎಣ್ಣೆಯನ್ನು ಅಧಿಕೃತ ಸಂಗ್ರಾಹಕರಿಗೆ ಕೊಡಬೇಕು. ಅಲ್ಲಿಂದ ಅದು ಬಯೋಡೀಸೆಲ್ ಆಗಬಹುದು, ಸಾಬೂನೂ ಆಗಬಹುದು. ಎಣ್ಣೆ ಕೊಟ್ಟ ದಿನಾಂಕ, ಪ್ರಮಾಣ, ಪಡೆದವರ ಹೆಸರು ಬರೆದಿಟ್ಟರೆ ಅದು ತಳ್ಳುಗಾಡಿಗೆ ಹೋಯಿತೋ ಡೀಸೆಲ್ ಘಟಕಕ್ಕೆ ಹೋಯಿತೋ ತಿಳಿಯುತ್ತದೆ. ನಾನು ಕೇಳುತ್ತಿರುವ ಕಾಲಂ ಒಂದು ಕಡೆ ಕಾನೂನೇ ಆಗಿದೆ ಎನ್ನುವುದಕ್ಕೆ ಇದನ್ನು ಹೇಳಿದೆ.

ಇನ್ನೊಂದು ಕಡೆಯೂ ಆಗಿದೆ. ಷೇರುಪೇಟೆಯಲ್ಲಿರುವ ಮೊದಲ ಸಾವಿರ ಕಂಪನಿಗಳು 2022-23ರಿಂದ ಸೆಬಿಯ ನಿಯಮದಂತೆ ಬಿಆರ್‌ಎಸ್‌ಆರ್ ಎಂಬ ವರದಿ ಸಲ್ಲಿಸಬೇಕು. ಪ್ಲಾಸ್ಟಿಕ್ ಎಷ್ಟು ಟನ್, ಇ-ತ್ಯಾಜ್ಯ ಎಷ್ಟು, ಅಪಾಯಕಾರಿ ತ್ಯಾಜ್ಯ ಎಷ್ಟು, ಮರುಬಳಕೆಯಾದದ್ದು ಎಷ್ಟು, ಸುಟ್ಟದ್ದೆಷ್ಟು, ನೆಲಭರ್ತಿಗೆ ಹೋದದ್ದೆಷ್ಟು ಎಂದು ಅದರಲ್ಲಿ ತುಂಬಬೇಕು. ನಿಮ್ಮಲ್ಲಿ ಎಷ್ಟೋ ಮಂದಿ ನಾಳೆ ಇದೇ ಊರಿನ ಆಫೀಸುಗಳಲ್ಲಿ ಕುಳಿತು ಆ ಅಂಕಿಗಳನ್ನು ತುಂಬುವವರು. ಮೇಲಿನವರು ಕಳಿಸಿದ ಎಕ್ಸೆಲ್ ಶೀಟಿನ ಅಂಕಿಯನ್ನು ಹಾಗೇ ಹಾಕಬಹುದು, ಇಲ್ಲವೇ ಗೇಟಿನ ವೇಬ್ರಿಡ್ಜ್ ಚೀಟಿಯ ಜೊತೆ ತಾಳೆ ನೋಡಬಹುದು. ಕಸ ಹೊತ್ತ ಲಾರಿಯ ಚೀಟಿಯನ್ನು ಕಚ್ಚಾಮಾಲಿನ ಚೀಟಿಯಷ್ಟೇ ಶ್ರದ್ಧೆಯಿಂದ ಫೈಲು ಮಾಡುವ ಗುಮಾಸ್ತರನ್ನು ನಾನು ಕಂಡಿದ್ದೇನೆ. ಅಂಥವರಿದ್ದ ಕಡೆ ಯಾವ ಲಾರಿಯೂ ಚೀಟಿ ತಪ್ಪಿಸಿ ಗೇಟು ದಾಟುತ್ತಿರಲಿಲ್ಲ.

ನಮ್ಮ ಊರೇ ಈ ಕಾಲಂ ಇಲ್ಲದೆ ಬಹುಕಾಲ ಬದುಕಿತು. ಬೆಂಗಳೂರಿನ ಮನೆ, ಹೋಟೆಲು, ಅಂಗಡಿಗಳ ಕಸ ಮಾವಳ್ಳಿಪುರಕ್ಕೆ, ಮಂಡೂರಿಗೆ ಹೋಗಿ ಗುಡ್ಡವಾಯಿತು. ಅಲ್ಲಿನವರ ಬಾವಿ ಕೆಟ್ಟಿತು, ನೊಣ ತುಂಬಿತು, ಮನೆಗೆ ನೆಂಟರು ಬರಲು ಹಿಂಜರಿದರು. 2012ರಲ್ಲಿ ಮಾವಳ್ಳಿಪುರ, 2014ರ ಕೊನೆಗೆ ಮಂಡೂರು ಬಾಗಿಲು ಹಾಕಿದ್ದು ಆ ಹಳ್ಳಿಗಳವರು ರಸ್ತೆಗೆ ಇಳಿದು ಲಾರಿ ತಡೆದದ್ದರಿಂದ. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ವಿಂಗಡಣೆಯನ್ನು ಕಡ್ಡಾಯ ಮಾಡಿತು. ನಿಮ್ಮ ಅಮ್ಮಂದಿರು ಇಂದು ಹಸಿರು ಬುಟ್ಟಿ, ಕೆಂಪು ಬುಟ್ಟಿ ಎಂದು ಬೇರೆ ಮಾಡುತ್ತಿರುವುದು ಆ ಹಳ್ಳಿಯವರ ಹೋರಾಟದ ಫಲ. ಅವರ ಋಣ ನಮ್ಮ ಮೇಲಿದೆ.

ಹಾಗಾದರೆ ನೀವು ಮಾಡಬೇಕಾದದ್ದು ಏನು? ಪ್ರಾಜೆಕ್ಟ್ ರಿಪೋರ್ಟ್ ಬರೆಯುವಾಗ ದೂರದ ಕಂಪನಿಯ ವಾರ್ಷಿಕ ವರದಿ ಡೌನ್‌ಲೋಡ್ ಮಾಡುವ ಬದಲು ನಮ್ಮ ಬಡಾವಣೆಯ ಒಂದು ಅಂಗಡಿ ಆರಿಸಿಕೊಳ್ಳಿ. ದರ್ಶಿನಿ, ಕಾಫಿಪುಡಿ ಅಂಗಡಿ, ಬೇಕರಿ, ಪ್ರಿಂಟಿಂಗ್ ಪ್ರೆಸ್, ಟೈಲರ್ ಅಂಗಡಿ, ಮರಗೆಲಸದವರು, ಎಳನೀರಿನವರು, ಯಾರಾದರೂ ಸರಿ. ಈಗ ಮಂತ್ರಿ ಮಾಲ್ ಇರುವ ಕಡೆ ಒಂದು ಕಾಲಕ್ಕೆ ಹತ್ತಿ ಗಿರಣಿ ಇತ್ತು. ಗಿರಣಿಗಳಲ್ಲಿ ಉದುರಿದ ಹತ್ತಿ ಹಾಸಿಗೆಗೆ, ಮೆಕ್ಯಾನಿಕ್ಕುಗಳ ಕೈ ಒರೆಸುವ ಕಾಟನ್ ವೇಸ್ಟಿಗೆ ಹೋಗುತ್ತಿತ್ತು. ಇಂದು ಬಡಾವಣೆಯಲ್ಲಿ ಗಿರಣಿಯಿಲ್ಲ, ಸಣ್ಣ ಅಂಗಡಿಗಳಿವೆ. ಅವುಗಳಲ್ಲಿ ಒಂದರ ಒಳಗೆ ಬಂದದ್ದನ್ನೂ ಹೊರಗೆ ಹೋದದ್ದನ್ನೂ ಒಂದು ವಾರ ತೂಕ ಮಾಡಿ.

ಕಾಫಿಯನ್ನೇ ತೆಗೆದುಕೊಳ್ಳಿ. ಮೊದಲ ದಿನವೇ ನಿಮಗೆ ಗೊಂದಲವಾಗುತ್ತದೆ. ಫಿಲ್ಟರಿಗೆ ಹಾಕಿದ ಪುಡಿಗಿಂತ ಹೊರಗೆ ಬಂದ ಚರಟದ ತೂಕ ಹೆಚ್ಚಿರುತ್ತದೆ! ಚರಟ ನೀರು ಕುಡಿದಿರುತ್ತದೆ, ಅದಕ್ಕೆ. ಖಾತೆ ಸರಿದೂಗಬೇಕಾದರೆ ನೀರನ್ನೂ ಒಳಬಂದ ಕಾಲಂನಲ್ಲಿ ಬರೆಯಬೇಕು, ಇಲ್ಲವೇ ಒಂದಿಷ್ಟು ಚರಟವನ್ನು ತಟ್ಟೆಯಲ್ಲಿ ಹರಡಿ ಬಿಸಿಲಿಗೆ ಒಣಗಿಸಿ ಮತ್ತೆ ತೂಗಬೇಕು. ಎರಡನ್ನೂ ಮಾಡಿ. ಕಸದ ತೂಕ ಕೇಳಿದಾಗ ಹಸಿ ತೂಕವೋ ಒಣ ತೂಕವೋ ಎಂದು ಕೇಳುವ ಅಭ್ಯಾಸ ಅಲ್ಲಿಂದ ಬರುತ್ತದೆ. ನಗರಪಾಲಿಕೆ, ಗುತ್ತಿಗೆದಾರರು, ಹೋಟೆಲಿನವರು ಮೂವರೂ ಬೇರೆ ಬೇರೆ ಅಂಕಿ ಹೇಳಿದರೆ ಎಷ್ಟೋ ಸಲ ಕಾರಣ ಆ ನೀರೇ. ಆಮೇಲೆ ಚರಟ ಎಲ್ಲಿಗೆ ಹೋಗುತ್ತದೆ ನೋಡಿ. ಉಪ್ಪಿಟ್ಟು, ಚಟ್ನಿ, ಬಾಳೆಎಲೆಯ ಜೊತೆ ಒಂದೇ ಡ್ರಮ್ಮಿಗೆ ಬಿದ್ದರೆ ಅದು ವಾಸನೆ ಹೊಡೆಯುವ ಹಸಿ ಕಸ. ಬೇರೆ ಬಕೆಟ್ಟಿನಲ್ಲಿ ಇಟ್ಟರೆ ತಾರಸಿ ತೋಟದವರು ಕಾಂಪೋಸ್ಟಿಗೆ ಬೆರೆಸಲು ಒಯ್ಯುವಂಥದ್ದು. ಒಂದು ಬಕೆಟ್ಟಿನ ಅಂತರ.

ಅಂಗಡಿಯವರ ಹತ್ತಿರ ತಪಾಸಣೆಗೆ ಬಂದವರ ಹಾಗೆ ಹೋಗಬೇಡಿ. ಬೆಳಗಿನ ತಿಂಡಿಯ ಗದ್ದಲ ಮುಗಿದಮೇಲೆ, ಹನ್ನೊಂದು ಗಂಟೆಯ ಹೊತ್ತಿಗೆ ಹೋಗಿ, ಮಾಲೀಕರಿಗೆ ವಿಷಯ ತಿಳಿಸಿ, ಅಂಗಡಿಯ ಹೆಸರು ಹಾಕುವುದಿಲ್ಲ ಎಂದು ಹೇಳಿ. ಪಾತ್ರೆ ತೊಳೆಯುವವರನ್ನು, ಕಸದ ಗಾಡಿಯ ಅಣ್ಣನನ್ನು, ಪೌರಕಾರ್ಮಿಕ ಅಮ್ಮಂದಿರನ್ನು ಅವರ ಕೆಲಸ ಕೆಡದ ಹಾಗೆ ಮಾತಾಡಿಸಿ. ಯಾವ ಡ್ರಮ್ಮು ಯಾವ ದಿನ ಭಾರ ಎಂದು ಗಲ್ಲಾಪೆಟ್ಟಿಗೆಯ ಮುಂದೆ ಕೂತವರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಗುಜರಿ ಅಂಗಡಿಗೂ ಹೋಗಿ. ರಟ್ಟು, ತಗಡು, ಎಣ್ಣೆ ಡಬ್ಬ, ಹಾಲಿನ ಕವರಿನ ಇಂದಿನ ದರ ಅಲ್ಲಿ ಸಿಗುತ್ತದೆ. ಯಾವುದು ಸ್ಕ್ರ್ಯಾಪ್, ಯಾವುದು ಬರಿಯ ಅಡ್ಡಗೆರೆ ಎಂದು ಆ ದರಪಟ್ಟಿ ನೋಡಿದರೆ ತಿಳಿಯುತ್ತದೆ. ದರ ಬದಲಾದ ದಿನವನ್ನೂ ಗುರುತು ಹಾಕಿಕೊಳ್ಳಿ.

ವರದಿಯ ಕೊನೆಯ ಪುಟದಲ್ಲಿ ಮಾಮೂಲಿ ಪ್ರೋಸೆಸ್ ಅಕೌಂಟ್ ಹಾಕಿ, ಅದರ ಕೆಳಗೆ ಹೊಸ ಕಾಲಂ ಸೇರಿಸಿದ ಅಕೌಂಟ್ ಹಾಕಿ. ಹೋದ ಜಾಗ ಗೊತ್ತಾಗದಿದ್ದರೆ "ಗೊತ್ತಾಗಲಿಲ್ಲ" ಎಂದೇ ಬರೆಯಿರಿ, ಖಾಲಿ ಬಿಡಬೇಡಿ. ಒಂದು ಪ್ರತಿ ಕಾಲೇಜಿಗೆ, ಒಂದು ಪ್ರತಿ ಅಂಗಡಿಯವರಿಗೆ ಕೊಡಿ, ಅವರಿಗೆ ಕೊಡುವುದು ಕನ್ನಡದಲ್ಲಿರಲಿ. ಹತ್ತು ಅಂಗಡಿಯ ವರದಿಗಳು ಸೇರಿದರೆ ಒಂದೇ ರಸ್ತೆಯ ಚರಟ, ಎಳನೀರು ಬುರುಡೆ, ಬಟ್ಟೆ ಚೂರು, ಮರದ ಹೊಟ್ಟು ಎಷ್ಟು ಎಂದು ಮೊದಲ ಸಲ ಕಾಗದದ ಮೇಲೆ ಬರುತ್ತದೆ. ಆ ಕಾಗದ ಹಿಡಿದು ವಾರ್ಡ್ ಕಚೇರಿಗೆ ಹೋಗಿ ಕೇಳಬಹುದಾದದ್ದು ಬಹಳ ಇದೆ.

ತೂಗಲು ತಕ್ಕಡಿ ಬೇಕಾದರೆ ಐವತ್ತು ಕಿಲೋವರೆಗಿನ ಕೊಕ್ಕೆ ತಕ್ಕಡಿ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಮೂರು ನಾಲ್ಕು ಜನ ಸೇರಿ ಒಂದನ್ನು ಕೊಳ್ಳಿ. ಡ್ರಮ್ಮಿನ ತೂಕವನ್ನು ಮೊದಲೇ ತೂಗಿ ಬರೆದಿಟ್ಟುಕೊಂಡು ಕಳೆಯುವುದನ್ನು ಮರೆಯಬೇಡಿ.

ನಿಮ್ಮ ಹಿತೈಷಿ,
ಶೇಷಾದ್ರಿಪುರಂನ ನಿವಾಸಿ